ಕ್ರಿಸ್ತಜಯಂತಿಯಿಂದ ಎಣಿಸುವ ದಿನಗಳು: ಕಥೋಲಿಕ ಪಂಚಾಂಗದ ಚಳಿಗಾಲ

ಕಥೋಲಿಕ ಧರ್ಮಸಭೆಯ ಆರಾಧನಾ ವರ್ಷ ಆರಂಭವಾಗುವುದು ಜನವರಿ ಒಂದರಂದಲ್ಲ. ಅದಕ್ಕೂ ಸುಮಾರು ಐದು ವಾರ ಮೊದಲು, ಸಂತ ಅಂದ್ರೆಯರ ಹಬ್ಬವಾದ ನವೆಂಬರ್ 30ಕ್ಕೆ ಅತಿ ಸಮೀಪವಾಗಿ ಬರುವ ಭಾನುವಾರದಂದು. ಆ ಭಾನುವಾರ ನವೆಂಬರ್ 27ಕ್ಕಿಂತ ಮೊದಲು ಬರುವುದಿಲ್ಲ, ಡಿಸೆಂಬರ್ 3ನ್ನು ದಾಟುವುದೂ ಇಲ್ಲ. ಬಲಿಪೂಜೆಯಲ್ಲಿ ಯಾವ ದಿನ ಯಾವ ವಾಚನಗಳನ್ನು ಓದಬೇಕು, ಗುರುಗಳು ಯಾವ ಬಣ್ಣದ ಪೂಜಾವಸ್ತ್ರವನ್ನು ಧರಿಸಬೇಕು, ಯಾವ ಸಂತರನ್ನು ಎಂದು ನೆನೆಯಬೇಕು ಎಂಬುದನ್ನು ದಿನದಿನಕ್ಕೂ ಗೊತ್ತುಮಾಡುವ ಆರಾಧನಾ ಪಂಚಾಂಗ ಅಂದಿನಿಂದ ಹೊಸದಾಗುತ್ತದೆ. ಈ ಪಂಚಾಂಗದ ಚಳಿಗಾಲದ ಭಾಗವೆಂದರೆ ಕ್ರಿಸ್ಮಸ್ ಒಂದೇ ಎಂದು ಹೊರಗಿನಿಂದ ನೋಡುವವರಿಗೆ ತೋರುವುದು ಸಹಜ. ಆದರೆ ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಚದುರಿದಂತೆ ಕಾಣುವ ಹತ್ತಾರು ಹಬ್ಬಗಳಲ್ಲಿ ಹಲವು ಒಂದೇ ಎಣಿಕೆಗೆ ಕಟ್ಟುಬಿದ್ದಿವೆ. ಡಿಸೆಂಬರ್ 25ರಿಂದ ಮುಂದಕ್ಕೆ ಎಂಟು ದಿನ, ಹನ್ನೆರಡು ದಿನ, ನಲವತ್ತು ದಿನ, ಹಿಂದಕ್ಕೆ ಒಂಬತ್ತು ತಿಂಗಳು ಎಂದು ಲೆಕ್ಕ ಹಿಡಿದರೆ ಅವು ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ಎಂಬುದು ತಿಳಿಯುತ್ತದೆ.

ಈ ಪಂಚಾಂಗದಲ್ಲಿ ಎರಡು ಬಗೆಯ ಕಾಲಗಣನೆ ಜೊತೆಜೊತೆಗೆ ನಡೆಯುತ್ತದೆ. ಮಕರ ಸಂಕ್ರಾಂತಿ ಸೂರ್ಯನ ಗತಿಯನ್ನನುಸರಿಸಿ ಹೆಚ್ಚುಕಡಿಮೆ ಒಂದೇ ದಿನಾಂಕಕ್ಕೆ ಬರುವಾಗ ಯುಗಾದಿ ಚಂದ್ರನ ತಿಥಿಯನ್ನು ಹಿಡಿದು ವರ್ಷವರ್ಷವೂ ಹಿಂದುಮುಂದಾಗುವುದನ್ನು ಬಲ್ಲ ಕನ್ನಡಿಗರಿಗೆ ಇದು ಅಪರಿಚಿತ ವಿಷಯವೇನಲ್ಲ. ಕ್ರಿಸ್ತಜಯಂತಿ ಮತ್ತು ಅದರಿಂದ ಎಣಿಸಿ ಗೊತ್ತುಮಾಡಿದ ಹಬ್ಬಗಳು ಸೌರಮಾನದವು. ಅವುಗಳ ದಿನಾಂಕ ಸಾಮಾನ್ಯವಾಗಿ ಬದಲಾಗುವುದಿಲ್ಲ. ಯೇಸುವಿನ ಪುನರುತ್ಥಾನದ ಹಬ್ಬವಾದ ಈಸ್ಟರ್ ಮಾತ್ರ ಚಂದ್ರನಿಗೆ ಅಧೀನ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯಾದ ಮೇಲಿನ ಭಾನುವಾರಕ್ಕೆ ಅದು ಗೊತ್ತಾಗುವುದರಿಂದ ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಎಲ್ಲಿ ಬೇಕಾದರೂ ಬರಬಹುದು. ಈ ಎರಡು ಗಣನೆಗಳು ಸಂಧಿಸುವುದು ಚಳಿಗಾಲದ ಕೊನೆಯಲ್ಲಿ.

ಯೇಸು ಹುಟ್ಟಿದ ದಿನಾಂಕವನ್ನು ಶುಭಸಂದೇಶಗಳು, ಅಂದರೆ ಆತನ ಜೀವನವನ್ನು ಹೇಳುವ ನಾಲ್ಕು ಗ್ರಂಥಗಳು, ಎಲ್ಲಿಯೂ ಹೇಳುವುದಿಲ್ಲ. ಡಿಸೆಂಬರ್ 25ರ ಅತಿ ಹಳೆಯ ದಾಖಲೆ ಸಿಗುವುದು ರೋಮಿನಲ್ಲಿ ಕ್ರಿ.ಶ. 354ರಲ್ಲಿ ಸಂಕಲಿತವಾದ ಒಂದು ಪಂಚಾಂಗ ಗ್ರಂಥದಲ್ಲಿ. ಫಿಲೋಕಾಲಸ್ ಎಂಬ ಲಿಪಿಕಾರ ಸಿದ್ಧಪಡಿಸಿದ ಆ ಗ್ರಂಥದಲ್ಲಿರುವ ರಕ್ತಸಾಕ್ಷಿಗಳ ಪಟ್ಟಿ, ಎಂದರೆ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರ ಪಟ್ಟಿ, ಯೂದಾಯ ನಾಡಿನ ಬೆತ್ಲೆಹೇಮಿನಲ್ಲಿ ಕ್ರಿಸ್ತನ ಜನನವಾದ ದಿನವೆಂದು ಡಿಸೆಂಬರ್ 25ರಿಂದಲೇ ಆರಂಭವಾಗುತ್ತದೆ. ಆ ಪಟ್ಟಿಯ ಮೂಲ ಕ್ರಿ.ಶ. 336ರದೆಂದು ವಿದ್ವಾಂಸರು ಗುರುತಿಸಿದ್ದಾರೆ. ಅದೇ ಗ್ರಂಥದ ಇನ್ನೊಂದು ಭಾಗವಾದ ನಾಗರಿಕ ಪಂಚಾಂಗದಲ್ಲಿ ಅದೇ ದಿನದ ಎದುರಿಗೆ ಅಜೇಯ ಸೂರ್ಯನ ಜನ್ಮದಿನವೆಂದೂ ಅಂದು ಮೂವತ್ತು ರಥದ ಓಟಗಳು ನಡೆಯುತ್ತವೆಂದೂ ಬರೆದಿದೆ. ಚಕ್ರವರ್ತಿ ಔರೇಲಿಯನ್ 274ರಲ್ಲಿ ರೋಮಿನಲ್ಲಿ ಸೂರ್ಯನಿಗೆ ದೇಗುಲ ಕಟ್ಟಿಸಿದ್ದನು. ಹಗಲು ಬೆಳೆಯತೊಡಗುವ ದಿನವೆಂದು ರೋಮನ್ನರು ಡಿಸೆಂಬರ್ 25ನ್ನು ಪರಂಪರೆಯಿಂದ ಗುರುತಿಸುತ್ತಿದ್ದರು. ಎರಡು ಧರ್ಮಗಳ ಎರಡು ಜನ್ಮದಿನಗಳು ಒಂದೇ ಹಸ್ತಪ್ರತಿಯಲ್ಲಿ ಒಂದೇ ತಾರೀಖಿಗೆ ನಮೂದಾಗಿರುವುದು ನಾಲ್ಕನೆಯ ಶತಮಾನದ ರೋಮಿನ ಬದುಕನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಸಾಕ್ಷ್ಯವಾಗಿದೆ.

ಸೂರ್ಯನ ಹಬ್ಬದ ಜಾಗದಲ್ಲಿ ಕ್ರೈಸ್ತರು ತಮ್ಮ ಹಬ್ಬವನ್ನು ಇಟ್ಟರೆಂಬುದು ಬಹುಕಾಲದಿಂದ ಪ್ರಚಲಿತವಾಗಿರುವ ವಿವರಣೆ. ಇದಕ್ಕೆ ಎದುರಾಗಿ ಫ್ರೆಂಚ್ ಇತಿಹಾಸಕಾರ ಲೂಯಿ ದ್ಯುಶೇನ್ 1889ರಲ್ಲಿ ಮತ್ತೊಂದು ವಿವರಣೆಯನ್ನು ಮುಂದಿಟ್ಟರು. ಯೇಸು ಶಿಲುಬೆಯ ಮೇಲೆ ಮರಣ ಹೊಂದಿದ್ದು ಮಾರ್ಚ್ 25ರಂದು ಎಂದು ಪಶ್ಚಿಮದ ಪ್ರಾಚೀನ ಕ್ರೈಸ್ತರಲ್ಲಿ ಒಂದು ನಂಬಿಕೆಯಿತ್ತು. ಆತನ ಭೂಜೀವನ ಪರಿಪೂರ್ಣವಾಗಿದ್ದುದರಿಂದ ತಾಯಿಯ ಗರ್ಭದಲ್ಲಿ ಆತ ರೂಪು ತಳೆದದ್ದೂ ಅದೇ ದಿನಾಂಕದಂದು ಎಂದು ಅವರು ಭಾವಿಸಿದರು. ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದಾಗ ಡಿಸೆಂಬರ್ 25 ದೊರೆಯಿತು ಎಂಬುದು ಆ ವಾದ. ಎರಡರಲ್ಲಿ ಯಾವುದೂ ಅಂತಿಮವಾಗಿ ಸಾಬೀತಾಗಿಲ್ಲ. ಆದರೂ ಇಡೀ ಪಂಚಾಂಗದ ಸ್ವಭಾವವನ್ನು ಗಮನಿಸಿದರೆ ಎರಡನೆಯ ವಾದವೇ ಅದಕ್ಕೆ ಹೆಚ್ಚು ಹೊಂದುತ್ತದೆಂದು ಹೇಳಬೇಕಾಗುತ್ತದೆ, ಏಕೆಂದರೆ ಇಂಥ ಎಣಿಕೆ ಈ ಪಂಚಾಂಗದಲ್ಲಿ ಬೇರೆಡೆಗಳಲ್ಲಿಯೂ ಕಾಣುತ್ತದೆ. ದೇವದೂತನು ಮರಿಯಮ್ಮನಿಗೆ ಮಂಗಳವಾರ್ತೆ ತಂದಾಗ ಆಕೆಯ ಬಂಧು ಎಲಿಜಬೇತಳಿಗೆ ಆರು ತಿಂಗಳಾಗಿತ್ತೆಂದು ಲೂಕನ ಶುಭಸಂದೇಶ ಹೇಳುವುದರಿಂದ, ಎಲಿಜಬೇತಳ ಮಗ ಸ್ನಾನಿಕ ಯೊವಾನ್ನನ ಜನನೋತ್ಸವ ಕ್ರಿಸ್ತಜಯಂತಿಗೆ ಆರು ತಿಂಗಳು ಮುಂಚಿತವಾಗಿ ಜೂನ್ 24ಕ್ಕೆ ಬರುತ್ತದೆ. ಯೊವಾನ್ನನ ಹಬ್ಬದ ನಂತರ ಹಗಲು ಕುಗ್ಗುತ್ತಾ ಹೋಗಿ ಕ್ರಿಸ್ತನ ಹಬ್ಬದ ನಂತರ ಬೆಳೆಯುವುದರಲ್ಲಿ, ಆತನು ಬೆಳೆಯಬೇಕು, ತಾನು ಕುಗ್ಗಬೇಕು ಎಂಬ ಯೊವಾನ್ನನ ಮಾತಿನ ಪ್ರತಿಬಿಂಬವನ್ನು ಸಂತ ಅಗಸ್ಟೀನರು ಕಂಡರು.

ಕ್ರಿಸ್ತಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳ ಸಿದ್ಧತೆಯ ಅವಧಿಗೆ ಆಗಮನ ಕಾಲವೆಂದು ಹೆಸರು. ಡಿಸೆಂಬರ್ 25 ಯಾವ ವಾರದಂದು ಬರುತ್ತದೆ ಎಂಬುದನ್ನು ಅವಲಂಬಿಸಿ ಅದು ಕನಿಷ್ಠ 22 ದಿನ, ಗರಿಷ್ಠ 28 ದಿನ ಇರುತ್ತದೆ. ಈ ದಿನಗಳಲ್ಲಿ ಗುರುಗಳು ನೇರಳೆ ಬಣ್ಣದ ವಸ್ತ್ರ ಧರಿಸುತ್ತಾರೆ. ಭಾನುವಾರದ ಪೂಜೆಯಲ್ಲಿ ಎಂದಿನಂತೆ ಹಾಡುವ ಮಹಿಮಾಗೀತೆಯನ್ನು ಕ್ರಿಸ್ಮಸ್ ರಾತ್ರಿಯಲ್ಲಿ ದೇವದೂತರ ಗೀತೆಯಾಗಿ ಹೊಸದಾಗಿ ಕೇಳಿಬರಲೆಂದು ಕೈಬಿಡಲಾಗುತ್ತದೆ. ಪ್ರವಾದಿ ಯೆಶಾಯನ ಗ್ರಂಥದಿಂದ ಹೆಚ್ಚಿನ ವಾಚನಗಳನ್ನು ಆರಿಸಿಕೊಳ್ಳಲಾಗುತ್ತದೆ. ಮೂರನೆಯ ಭಾನುವಾರ ಮಾತ್ರ, ಕಾಯುವಿಕೆಯ ಅರ್ಧ ದಾರಿ ಸವೆದ ಸಂತೋಷಕ್ಕೆ, ನೇರಳೆಯ ಬದಲು ಗುಲಾಬಿ ಬಣ್ಣವನ್ನು ಧರಿಸಬಹುದು. ಹಸಿರೆಲೆಯ ಚಕ್ರದ ಮೇಲೆ ವಾರಕ್ಕೊಂದರಂತೆ ನಾಲ್ಕು ಮೇಣದ ಬತ್ತಿ ಹಚ್ಚುವ ಪದ್ಧತಿ ಈಗ ಕರ್ನಾಟಕದ ಚರ್ಚುಗಳಲ್ಲಿಯೂ ಕಾಣಸಿಗುತ್ತದೆ. ಅದರ ಮೂಲ ಮಾತ್ರ ಕಥೋಲಿಕರದಲ್ಲ. ಹ್ಯಾಂಬರ್ಗ್ ನಗರದಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಲೂಥರನ್ ಪಾದ್ರಿ ಯೋಹಾನ್ ಹಿನ್ರಿಚ್ ವಿಚರ್ನ್, ಕ್ರಿಸ್ಮಸ್‌ಗೆ ಇನ್ನೆಷ್ಟು ದಿನವೆಂದು ಕೇಳುತ್ತಿದ್ದ ಮಕ್ಕಳಿಗಾಗಿ 1839ರಲ್ಲಿ ಬಂಡಿಯ ಗಾಲಿಯೊಂದರ ಮೇಲೆ ಮೇಣದ ಬತ್ತಿಗಳನ್ನು ನಿಲ್ಲಿಸಿ ದಿನ ಎಣಿಸುವುದನ್ನು ಕಲಿಸಿದರು. ಕಥೋಲಿಕರು ಅದನ್ನು ಇಪ್ಪತ್ತನೆಯ ಶತಮಾನದಲ್ಲಿ ತಮ್ಮದಾಗಿಸಿಕೊಂಡರು. ಕೇರಳ ಮೂಲದ ಸಿರೋ ಮಲಬಾರ್ ಧರ್ಮಸಭೆ ಪೋಪರೊಡನೆ ಐಕ್ಯದಲ್ಲಿದ್ದರೂ ಪೂರ್ವದೇಶದ ಬೇರೊಂದು ಆರಾಧನಾ ಪಂಚಾಂಗವನ್ನು ಅನುಸರಿಸುತ್ತದೆ. ಅಲ್ಲಿ ಈ ಅವಧಿ ಮಂಗಳವಾರ್ತೆಯ ಕಾಲವೆನಿಸಿಕೊಳ್ಳುತ್ತದೆ. ಡಿಸೆಂಬರ್ 1ರಿಂದ ಇಪ್ಪತ್ತೈದು ದಿನ ಮಾಂಸಾಹಾರ ಬಿಟ್ಟು ವ್ರತ ಹಿಡಿಯುವುದು ಅದರ ಹಳೆಯ ಆಚಾರ. 1999ರಲ್ಲಿ ಸ್ಥಾಪನೆಯಾದ ಬೆಳ್ತಂಗಡಿ ಧರ್ಮಕ್ಷೇತ್ರ ಈ ಪರಂಪರೆಗೆ ಸೇರಿದ್ದರಿಂದ, ದಕ್ಷಿಣ ಕನ್ನಡದ ಒಂದೇ ಊರಿನಲ್ಲಿ ಕಥೋಲಿಕರು ಎರಡು ಪಂಚಾಂಗಗಳನ್ನು ಹಿಡಿದು ಕ್ರಿಸ್ಮಸ್‌ಗೆ ಸಿದ್ಧರಾಗುವುದುಂಟು.

ಆಗಮನ ಕಾಲದ ಕೊನೆಯ ವಾರದಲ್ಲಿ ಪಂಚಾಂಗದ ಸ್ವರ ಬದಲಾಗುತ್ತದೆ. ಡಿಸೆಂಬರ್ 17ರಿಂದ 23ರವರೆಗಿನ ಏಳು ಸಂಜೆಗಳಲ್ಲಿ, ಗುರುಗಳೂ ಸನ್ಯಾಸಿ ಸನ್ಯಾಸಿನಿಯರೂ ನಿತ್ಯ ಸಲ್ಲಿಸುವ ಸಂಧ್ಯಾಪ್ರಾರ್ಥನೆಯಲ್ಲಿ ಮರಿಯಮ್ಮನ ಸ್ತುತಿಗೀತೆಗೆ ಮುನ್ನ ಒಂದೊಂದು ಚಿಕ್ಕ ಸಂಬೋಧನೆಯನ್ನು ಹಾಡಲಾಗುತ್ತದೆ. ಬರಲಿರುವವನನ್ನು ಮೊದಲ ದಿನ ಜ್ಞಾನವೆಂದೂ, ಎರಡನೆಯ ದಿನ ಪ್ರಭುವೆಂದೂ, ಬಳಿಕ ಜೆಸ್ಸೆಯನ ಬೇರೆಂದೂ, ದಾವೀದನ ಕೀಲಿಕೈಯೆಂದೂ, ಉದಯಸೂರ್ಯನೆಂದೂ, ಜನಾಂಗಗಳ ಅರಸನೆಂದೂ, ಕೊನೆಯಲ್ಲಿ ದೇವರು ನಮ್ಮೊಡನೆ ಎಂಬರ್ಥದ ಇಮ್ಮಾನುವೇಲನೆಂದೂ ಕರೆಯುವ ಈ ಏಳು ಪ್ರಾರ್ಥನೆಗಳು ಎಂಟನೆಯ ಶತಮಾನದ ವೇಳೆಗಾಗಲೇ ರೋಮಿನಲ್ಲಿ ಬಳಕೆಯಲ್ಲಿದ್ದವು. ಉದಯಸೂರ್ಯನ ಸಂಬೋಧನೆ ಬರುವುದು ಡಿಸೆಂಬರ್ 21ರಂದು, ಉತ್ತರಾರ್ಧಗೋಳದಲ್ಲಿ ರಾತ್ರಿ ಅತಿ ದೀರ್ಘವಾಗಿರುವ ದಿನಕ್ಕೆ ಹೊಂದಿಕೊಂಡಂತೆ. ಲ್ಯಾಟಿನ್ ಮೂಲದಲ್ಲಿ ಈ ಏಳು ಬಿರುದುಗಳ ಮೊದಲಕ್ಷರಗಳನ್ನು ಕೊನೆಯಿಂದ ಆರಂಭಕ್ಕೆ ಓದಿದರೆ, ನಾಳೆ ಬರುತ್ತೇನೆ ಎಂಬ ಅರ್ಥ ಕೊಡುವ ಎರಡು ಪದಗಳಾಗುತ್ತವೆ. ಏಳನೆಯ ಸಂಜೆಯ ಪ್ರಾರ್ಥನೆ ಮುಗಿದಾಗ ಆ ಉತ್ತರ ಪೂರ್ಣಗೊಳ್ಳುತ್ತದೆ, ಮರುದಿನ ಸಂಜೆಗೆ ಕ್ರಿಸ್ಮಸ್ ಆರಂಭವಾಗುತ್ತದೆ. ಇದನ್ನು ರಚಿಸಿದವರು ಉದ್ದೇಶಪೂರ್ವಕವಾಗಿ ಹೀಗೆ ಹೆಣೆದರೋ ಇಲ್ಲವೋ, ಶತಮಾನಗಳ ಕಾಲ ಮಠಗಳ ಚಳಿಯಲ್ಲಿ ಇದನ್ನು ಹಾಡಿದವರು ಆ ಉತ್ತರವನ್ನು ಗುರುತಿಸಿ ಸಂತೋಷಪಟ್ಟಿದ್ದಾರೆ.

ಡಿಸೆಂಬರ್ ತಿಂಗಳ ಸಂತರ ಹಬ್ಬಗಳು ಈ ಕಾಯುವಿಕೆಯ ನಡುನಡುವೆ ಬರುತ್ತವೆ. ಸಂತರನ್ನು ನೆನೆಯುವುದು ಸಾಮಾನ್ಯವಾಗಿ ಅವರು ತೀರಿಕೊಂಡ ದಿನದಂದು, ಏಕೆಂದರೆ ಧರ್ಮಸಭೆ ಆ ದಿನವನ್ನು ಅವರು ಸ್ವರ್ಗಕ್ಕೆ ಹುಟ್ಟಿದ ದಿನವೆಂದು ಪರಿಗಣಿಸುತ್ತದೆ. ಭೂಲೋಕದ ಹುಟ್ಟುಹಬ್ಬ ಪಂಚಾಂಗದಲ್ಲಿರುವುದು ಯೇಸು, ಮರಿಯಮ್ಮ ಮತ್ತು ಸ್ನಾನಿಕ ಯೊವಾನ್ನರಿಗೆ ಮಾತ್ರ. ಚೀನಾದ ಕರಾವಳಿಯ ಶಾಂಗ್‌ಚುವಾನ್ ದ್ವೀಪದಲ್ಲಿ 1552ರ ಡಿಸೆಂಬರ್ 3ರಂದು ಮರಣ ಹೊಂದಿದ ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ ಆ ದಿನವೇ ಬರುತ್ತದೆ; ಅವರ ಪಾರ್ಥಿವ ಶರೀರವಿರುವ ಹಳೆ ಗೋವೆಯ ಬೋಂ ಜೀಸಸ್ ಬಸಿಲಿಕಕ್ಕೆ ನವೆಂಬರ್ 24ರಿಂದಲೇ ಒಂಬತ್ತು ದಿನಗಳ ನೊವೆನ ಪ್ರಾರ್ಥನೆಗಾಗಿ ಜನ ಸೇರುತ್ತಾರೆ. ಬೆಂಗಳೂರು ಮಹಾಧರ್ಮಕ್ಷೇತ್ರದ ಪ್ರಧಾನಾಲಯವೂ ಅವರ ಹೆಸರಿನದೇ. ಡಿಸೆಂಬರ್ 8ರಂದು ಮರಿಯಮ್ಮ ತನ್ನ ತಾಯಿಯ ಗರ್ಭದಲ್ಲಿ ಅಂಕುರಿಸಿದ ಕ್ಷಣದಿಂದಲೇ ಪಾಪರಹಿತಳಾಗಿದ್ದಳೆಂಬ ವಿಶ್ವಾಸದ ಮಹೋತ್ಸವ ಬರುತ್ತದೆ. ಪೋಪ್ ಒಂಬತ್ತನೆಯ ಪಯಸ್ ಇದನ್ನು 1854ರಲ್ಲಿ ಧರ್ಮಸಭೆಯ ಅಧಿಕೃತ ಸಿದ್ಧಾಂತವಾಗಿ ಘೋಷಿಸಿದರು. ಇದನ್ನು ಯೇಸುವಿನ ಗರ್ಭಧಾರಣೆಯೊಡನೆ ಬೆರೆಸುವವರು ಹಲವರು. ಕರಾವಳಿಯಲ್ಲಿ ಮೊಂತಿ ಫೆಸ್ತ್ ಎಂದು ಆಚರಿಸುವ ಮರಿಯಮ್ಮನ ಜನನೋತ್ಸವ ಇದಾದ ಸರಿಯಾಗಿ ಒಂಬತ್ತು ತಿಂಗಳ ನಂತರ, ಸೆಪ್ಟೆಂಬರ್ 8ಕ್ಕೆ, ಬರುವುದನ್ನು ನೆನಪಿಟ್ಟರೆ ಈ ಗೊಂದಲ ಉಳಿಯುವುದಿಲ್ಲ.

ಡಿಸೆಂಬರ್ 13ರ ಸಂತ ಲೂಸಿಯಳ ಹಬ್ಬ ಸ್ವೀಡನ್ನಿನಲ್ಲಿ ದೀಪಗಳ ಹಬ್ಬವಾಗಿರುವುದಕ್ಕೆ ಪಂಚಾಂಗದ ಇತಿಹಾಸವೇ ಹಿನ್ನೆಲೆಯಾಗಿದೆ. ಜೂಲಿಯಸ್ ಸೀಸರನ ಕಾಲದ ಪಂಚಾಂಗ ವರ್ಷಕ್ಕೆ ಕೆಲವು ನಿಮಿಷಗಳಂತೆ ಸೂರ್ಯನ ಗತಿಯಿಂದ ದೂರ ಸರಿಯುತ್ತಾ ಬಂದುದರಿಂದ ಹದಿನಾಲ್ಕನೆಯ ಶತಮಾನದಲ್ಲಿ ಅತಿ ದೀರ್ಘ ರಾತ್ರಿ ಈ ಹಬ್ಬದ ಆಸುಪಾಸಿಗೆ ಬಂದಿತ್ತು. ಈ ತಪ್ಪನ್ನು ಸರಿಪಡಿಸಲು ಪೋಪ್ ಹದಿಮೂರನೆಯ ಗ್ರೆಗರಿ 1582ರಲ್ಲಿ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಎಣಿಸಬೇಕೆಂದು ಆಜ್ಞಾಪಿಸಿದರು. ದಿನಾಂಕಗಳು ಸರಿದವು, ಜನರ ಆಚಾರ ಅಲ್ಲಿಯೇ ಉಳಿಯಿತು. ಇಂದು ಜಗತ್ತೆಲ್ಲ ಬಳಸುವ ಕ್ಯಾಲೆಂಡರ್ ಆ ಸುಧಾರಣೆಯ ಫಲ. ಈಸ್ಟರ್ ಹಬ್ಬದ ಲೆಕ್ಕ ತಪ್ಪಬಾರದೆಂಬ ಕಾಳಜಿಯೇ ಅದಕ್ಕೆ ಪ್ರೇರಣೆಯಾಗಿತ್ತು. ಹಳೆಯ ಲೆಕ್ಕವನ್ನು ಬಿಡದ ರಷ್ಯದ ಆರ್ಥೊಡಾಕ್ಸ್ ಸಭೆಗೆ ಡಿಸೆಂಬರ್ 25 ಬರುವುದು ಈಗಿನ ಜನವರಿ 7ರಂದು.

ಡಿಸೆಂಬರ್ 24ರ ರಾತ್ರಿ ಬಲಿಪೂಜೆಗೆ ಮುನ್ನ ಹಲವು ಚರ್ಚುಗಳಲ್ಲಿ ಕ್ರಿಸ್ತಜನನದ ಘೋಷಣೆಯನ್ನು ಹಾಡುವ ಪದ್ಧತಿಯಿದೆ. ಯೇಸು ಹುಟ್ಟಿದ ವರ್ಷವನ್ನು ಗ್ರೀಕರ ಲೆಕ್ಕದಲ್ಲಿ 194ನೆಯ ಒಲಿಂಪಿಯಾಡ್ ಎಂದೂ, ರೋಮ್ ನಗರ ಸ್ಥಾಪನೆಯಾದ 752ನೆಯ ವರ್ಷವೆಂದೂ, ಚಕ್ರವರ್ತಿ ಆಗಸ್ಟಸನ ಆಳ್ವಿಕೆಯ 42ನೆಯ ವರ್ಷವೆಂದೂ ಒಂದರ ಮೇಲೊಂದರಂತೆ ಹೇಳುವ ಆ ಘೋಷಣೆ, ದೇವರು ಪುರಾಣಕಾಲದಲ್ಲಿ ಅಲ್ಲ, ಎಣಿಸಬಲ್ಲ ಮಾನವ ಕಾಲದಲ್ಲಿ ಹುಟ್ಟಿದನೆಂಬ ವಿಶ್ವಾಸವನ್ನು ಅಂಕಿಗಳಲ್ಲಿಯೇ ಸಾರುತ್ತದೆ. ಈ ಒಂದು ಹಬ್ಬಕ್ಕೆ ನಡುರಾತ್ರಿ, ಮುಂಜಾವ ಮತ್ತು ಹಗಲು ಎಂಬ ಮೂರು ಪ್ರತ್ಯೇಕ ಬಲಿಪೂಜೆಗಳಿವೆ. ಮೊದಲಿಗೆ ಇದ್ದುದು ಸಂತ ಪೇತ್ರರ ಬಸಿಲಿಕದ ಹಗಲಿನ ಪೂಜೆ ಮಾತ್ರ. ಐದನೆಯ ಶತಮಾನದಲ್ಲಿ ರೋಮಿನ ಸಾಂತಾ ಮರಿಯ ಮಜ್ಜೋರೆ ಬಸಿಲಿಕದಲ್ಲಿ ರಾತ್ರಿಯ ಪೂಜೆ ಸೇರಿತು, ನಂತರ ಅದೇ ದಿನ ಸ್ಮರಿಸಲಾಗುತ್ತಿದ್ದ ಸಂತ ಅನಸ್ತಾಸಿಯಳ ಚರ್ಚಿನಲ್ಲಿ ಮುಂಜಾವದ ಪೂಜೆ ಬಂದಿತು. ಪೋಪರು ನಡುರಾತ್ರಿಯಿಂದ ಹಗಲಿನವರೆಗೆ ನಗರದ ಮೂರು ಕಡೆ ಸಂಚರಿಸಿದ ದಾರಿ ಇಂದು ಜಗತ್ತಿನ ಪ್ರತಿಯೊಂದು ಧರ್ಮಕೇಂದ್ರದ ಪೂಜಾಗ್ರಂಥದಲ್ಲಿ ಮೂರು ಪೂಜೆಗಳ ರೂಪದಲ್ಲಿ ಉಳಿದಿದೆ.

ಕನ್ನಡ ಕ್ರೈಸ್ತರು ಗೋದಲಿ ಎಂದು ಕರೆಯುವ, ಯೇಸು ಹುಟ್ಟಿದ ದನದ ಕೊಟ್ಟಿಗೆಯ ಪ್ರತಿಕೃತಿಗೆ ಹೆಚ್ಚು ಸ್ಪಷ್ಟವಾದ ಚರಿತ್ರೆಯಿದೆ. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಹುಲ್ಲು ತುಂಬಿದ ಗೋದಲಿಯನ್ನೂ ಜೀವಂತ ಎತ್ತು ಕತ್ತೆಗಳನ್ನೂ ಇರಿಸಿ ಅದರ ಮುಂದೆ ಪೂಜೆ ನಡೆಸುವಂತೆ ಏರ್ಪಾಡು ಮಾಡಿದರು. ಯೇಸು ಹುಟ್ಟಿದಾಗ ಅನುಭವಿಸಿದ ಬಡತನವನ್ನು ಜನ ಕಣ್ಣಾರೆ ಕಾಣಬೇಕೆಂಬುದು ಅವರ ಆಸೆಯಾಗಿತ್ತು. ಎತ್ತು ಮತ್ತು ಕತ್ತೆಯ ಉಲ್ಲೇಖ ಲೂಕನ ಜನನ ವೃತ್ತಾಂತದಲ್ಲಿ ಇಲ್ಲ. ಎತ್ತು ತನ್ನ ಒಡೆಯನನ್ನು, ಕತ್ತೆ ತನ್ನ ಯಜಮಾನನ ಗೋದಲಿಯನ್ನು ಬಲ್ಲುದೆಂದು ಹೇಳುವ ಯೆಶಾಯನ ಗ್ರಂಥದ ಮಾತಿನಿಂದ ಅವು ಕ್ರೈಸ್ತ ಕಲೆಗೆ ಬಂದವು. ಮಂಗಳೂರು ಸೀಮೆಯ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಹಬ್ಬಕ್ಕೆ ವಾರಗಳ ಮೊದಲೇ ಕುಸ್ವಾರ್ ಎಂಬ ತಿಂಡಿಗಳ ತಯಾರಿ ನಡೆಯುತ್ತದೆ. ನೆವ್ರಿ, ಕಿಡಿಯೊ, ಗುಳಿಯೊ, ಎಳ್ಳಿನ ಉಂಡೆ, ಚಕ್ಕುಲಿಗಳನ್ನು ತಟ್ಟೆಯಲ್ಲಿ ಜೋಡಿಸಿ ಅಕ್ಕಪಕ್ಕದ ಎಲ್ಲ ಮತದವರ ಮನೆಗೂ ಕಳುಹಿಸುವ ರೂಢಿ ಇಂದಿಗೂ ಮುಂದುವರಿದಿದೆ.

ಕ್ರಿಸ್ತಜಯಂತಿ ಒಂದು ದಿನದ ಹಬ್ಬವಲ್ಲ. ಅದು ಎಂಟು ದಿನಗಳ ಅಷ್ಟಾಹ. ಈ ಎಂಟು ದಿನಗಳ ಒಳಗಿನ ಕ್ರಮ ಮೊದಲ ನೋಟಕ್ಕೆ ಬೆರಗು ಹುಟ್ಟಿಸುತ್ತದೆ. ಜನನದ ಸಂಭ್ರಮದ ಮರುದಿನವೇ, ಡಿಸೆಂಬರ್ 26ರಂದು, ಕಲ್ಲೆಸೆತಕ್ಕೆ ಬಲಿಯಾದ ಮೊದಲ ರಕ್ತಸಾಕ್ಷಿ ಸಂತ ಸ್ತೆಫಾನರ ಹಬ್ಬಕ್ಕಾಗಿ ಗುರುಗಳು ಬಿಳಿಯ ವಸ್ತ್ರ ತೆಗೆದು ಕೆಂಪು ಧರಿಸುತ್ತಾರೆ. 27ರಂದು ಪ್ರೇಷಿತ ಯೊವಾನ್ನರ ಹಬ್ಬ. 28ರಂದು ಅರಸ ಹೆರೋದ ಕೊಲ್ಲಿಸಿದ ಬೆತ್ಲೆಹೇಮಿನ ಹಸುಳೆಗಳ ಹಬ್ಬ, ಮತ್ತೆ ಕೆಂಪು. ಹುಟ್ಟಿದ ಮನೆಯ ಬಾಗಿಲಲ್ಲಿಯೇ ಸಾವನ್ನು ನೆನೆಸುವ ಈ ಜೋಡಣೆ ನಿಷ್ಠುರವೆಂದು ತೋರಬಹುದು, ಆದರೆ ಪಂಚಾಂಗದ ಅತ್ಯಂತ ಗಂಭೀರವಾದ ಮಾತು ಇದೇ ಆಗಿದೆ: ಗೋದಲಿಯ ಮಗು ಶಿಲುಬೆಗೆಂದು ಹುಟ್ಟಿದವನು, ಅವನನ್ನು ಹಿಂಬಾಲಿಸುವವರಿಗೂ ಬೆಲೆ ತೆರಬೇಕಾಗಿ ಬರುತ್ತದೆ. ಅಷ್ಟಾಹದೊಳಗಿನ ಭಾನುವಾರ ಯೇಸು, ಮರಿಯ, ಜೋಸೆಫರ ಪವಿತ್ರ ಕುಟುಂಬಕ್ಕೆ ಮೀಸಲು. ಎಂಟನೆಯ ದಿನವಾದ ಜನವರಿ 1, ಯೆಹೂದ್ಯ ನಿಯಮದಂತೆ ಮಗುವಿಗೆ ಸುನ್ನತಿ ಮಾಡಿ ಯೇಸು ಎಂದು ಹೆಸರಿಟ್ಟ ದಿನ; 1969ರಲ್ಲಿ ಪೋಪ್ ಆರನೆಯ ಪೌಲರು ಪಂಚಾಂಗವನ್ನು ಪರಿಷ್ಕರಿಸಿದಾಗ ಅದನ್ನು ದೇವಮಾತೆ ಮರಿಯಮ್ಮನ ಮಹೋತ್ಸವವೆಂದು ಗೊತ್ತುಮಾಡಿದರು. ಅವರೇ 1968ರಿಂದ ಆ ದಿನವನ್ನು ವಿಶ್ವಶಾಂತಿ ದಿನವಾಗಿಯೂ ಆಚರಿಸುವ ಪದ್ಧತಿಯನ್ನು ಆರಂಭಿಸಿದ್ದರು. ಅದೇ ಪರಿಷ್ಕರಣೆಯಲ್ಲಿ ಭಾರತಕ್ಕೆ ಸಂಬಂಧಿಸಿದ ಮತ್ತೊಂದು ಬದಲಾವಣೆಯೂ ಆಯಿತು: ಡಿಸೆಂಬರ್ 21ರಂದು ಬರುತ್ತಿದ್ದ ಪ್ರೇಷಿತ ತೋಮಾಸರ ಹಬ್ಬ, ಭಾರತದ ಸಿರಿಯಕ್ ಪರಂಪರೆಯ ಕ್ರೈಸ್ತರು ಮೊದಲಿನಿಂದ ಆಚರಿಸುತ್ತಿದ್ದ ಜುಲೈ 3ಕ್ಕೆ ಸರಿಯಿತು.

ಜನವರಿ 6ರ ಪ್ರಭುಪ್ರಕಟಣೆಯ ಹಬ್ಬ ಪೂರ್ವದೇಶದ ಸಭೆಗಳಲ್ಲಿ ಹುಟ್ಟಿ ಪಶ್ಚಿಮಕ್ಕೆ ಬಂದದ್ದು. ಡಿಸೆಂಬರ್ 25ರಿಂದ ಅಲ್ಲಿಯವರೆಗಿನ ಹನ್ನೆರಡು ದಿನಗಳನ್ನು ಒಂದೇ ಹಬ್ಬದ ಅವಧಿಯೆಂದು 567ರಲ್ಲಿ ಫ್ರಾನ್ಸಿನ ತೂರ್ ನಗರದಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ ಗುರುತಿಸಿತು. ಈ ಹಬ್ಬದಂದು ನೆನೆಯುವ, ನಕ್ಷತ್ರವನ್ನು ಅನುಸರಿಸಿ ಬಂದ ಜ್ಯೋತಿಷಿಗಳು ಮಗುವಿಗೆ ಚಿನ್ನ, ಧೂಪ, ರಕ್ತಬೋಳಗಳನ್ನು ಅರ್ಪಿಸಿದರೆಂದು ಮತ್ತಾಯನು ಬರೆಯುತ್ತಾನೆಯೇ ಹೊರತು ಅವರು ಎಷ್ಟು ಮಂದಿಯೆಂದು ಹೇಳುವುದಿಲ್ಲ. ಕಾಣಿಕೆಗಳು ಮೂರಾದ್ದರಿಂದ ಅವರೂ ಮೂವರಾದರು, ಕಾಲಕ್ರಮದಲ್ಲಿ ಅರಸರೂ ಆದರು. ಭಾರತದ ಲ್ಯಾಟಿನ್ ಪರಂಪರೆಯ ಚರ್ಚುಗಳಲ್ಲಿ ಈಗ ಈ ಹಬ್ಬವನ್ನು ಜನವರಿ 2ರಿಂದ 8ರ ನಡುವಿನ ಭಾನುವಾರಕ್ಕೆ ತಂದುಕೊಂಡಿದ್ದಾರೆ. ಈ ಹಬ್ಬದ ಒಂದು ವಿಧಿ ಪಂಚಾಂಗದ ದೃಷ್ಟಿಯಿಂದ ಬಹಳ ಮುಖ್ಯವಾದದ್ದು. ಶುಭಸಂದೇಶದ ವಾಚನವಾದ ಮೇಲೆ ಸೇವಾದರ್ಶಿ, ಎಂದರೆ ಡೀಕನ್, ಅಥವಾ ಗಾಯಕರೊಬ್ಬರು ಮುಂದೆ ನಿಂತು ಆ ವರ್ಷದ ಬೂದಿ ಬುಧವಾರ, ಈಸ್ಟರ್, ಸ್ವರ್ಗಾರೋಹಣ, ಪೆಂತೆಕೋಸ್ತ್ ಮತ್ತು ಮುಂದಿನ ಆಗಮನ ಕಾಲದ ದಿನಾಂಕಗಳನ್ನು ರಾಗವಾಗಿ ಸಾರುತ್ತಾರೆ. ಅಚ್ಚಾದ ಕ್ಯಾಲೆಂಡರ್ ಇಲ್ಲದ ಕಾಲದಲ್ಲಿ ಖಗೋಳ ವಿದ್ಯೆಗೆ ಹೆಸರಾಗಿದ್ದ ಈಜಿಪ್ಟಿನ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷರು ಈಸ್ಟರ್ ದಿನಾಂಕವನ್ನು ಪತ್ರಗಳ ಮೂಲಕ ಇತರ ಊರುಗಳಿಗೆ ತಿಳಿಸುತ್ತಿದ್ದರು. ಆ ಅಗತ್ಯ ಇಂದು ಇಲ್ಲದಿದ್ದರೂ ಸೌರಮಾನದ ಹಬ್ಬದಂದು ಚಾಂದ್ರಮಾನದ ಹಬ್ಬವನ್ನು ಸಾರುವ ವಿಧಿ ಹಲವೆಡೆ ಉಳಿದಿದೆ. ಈ ಘೋಷಣೆಯನ್ನು ಕೈಬಿಟ್ಟಿರುವ ಧರ್ಮಕೇಂದ್ರಗಳು ಅದನ್ನು ಮತ್ತೆ ರೂಢಿಗೆ ತಂದರೆ ಇಡೀ ವರ್ಷದ ರಚನೆ ಭಕ್ತರಿಗೆ ಒಂದೇ ಬಾರಿಗೆ ಕೇಳಿಸೀತು.

ಪ್ರಭುವಿನ ದೀಕ್ಷಾಸ್ನಾನದ ಹಬ್ಬದೊಡನೆ ಕ್ರಿಸ್ಮಸ್ ಕಾಲ ಮುಗಿದು ಸಾಧಾರಣ ಕಾಲ ಆರಂಭವಾದಾಗ ಪೂಜಾವಸ್ತ್ರ ಹಸಿರಾಗುತ್ತದೆ. ಜನವರಿ 16ರ ಸಂತ ಜೋಸೆಫ್ ವಾಸರ ಹಬ್ಬ ಕರಾವಳಿಗೆ ಹತ್ತಿರದ್ದು. 1651ರಲ್ಲಿ ಗೋವೆಯ ಬಾಣಾವಲಿಯಲ್ಲಿ ಹುಟ್ಟಿದ ಅವರು 1681ರಿಂದ ಮೂರು ವರ್ಷ ಕೆನರಾ ಪ್ರಾಂತ್ಯದಲ್ಲಿ ಸೇವೆ ಸಲ್ಲಿಸಿ, ಆಮೇಲೆ ಕಥೋಲಿಕರನ್ನು ಡಚ್ಚರು ಹತ್ತಿಕ್ಕುತ್ತಿದ್ದ ಶ್ರೀಲಂಕೆಗೆ ವೇಷ ಮರೆಸಿ ಹೋದರು. 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡ ಅವರನ್ನು ಪೋಪ್ ಫ್ರಾನ್ಸಿಸ್ 2015ರ ಜನವರಿ 14ರಂದು ಕೊಲಂಬೊದಲ್ಲಿ ಸಂತರೆಂದು ಘೋಷಿಸಿದರು. ಜನವರಿ 21ರ ಸಂತ ಆಗ್ನೆಸಳ ಹಬ್ಬದಂದು ರೋಮಿನಲ್ಲಿ ಎರಡು ಕುರಿಮರಿಗಳನ್ನು ಆಶೀರ್ವದಿಸುವ ಪದ್ಧತಿಯಿದೆ. ಅವುಗಳ ಉಣ್ಣೆಯನ್ನು ಸಾಂತಾ ಚೆಚಿಲಿಯ ಮಠದ ಸನ್ಯಾಸಿನಿಯರು ಕಪ್ಪು ಶಿಲುಬೆಗಳುಳ್ಳ ಬಿಳಿಯ ಪಟ್ಟಿಗಳಾಗಿ ನೇಯುತ್ತಾರೆ. ಪಾಲಿಯಂ ಎಂಬ ಆ ಪಟ್ಟಿಯನ್ನು ಮಹಾಧರ್ಮಾಧ್ಯಕ್ಷರು ಕೊರಳ ಸುತ್ತ ಧರಿಸುತ್ತಾರೆ. ಅವುಗಳಿಗೆ ಜೂನ್ 29ರಂದು ರೋಮಿನಲ್ಲಿ ಆಶೀರ್ವಾದ ನಡೆಯುತ್ತದೆ. ಬೆಂಗಳೂರಿನ ಮಹಾಧರ್ಮಾಧ್ಯಕ್ಷರ ಹೆಗಲಿನ ಪಟ್ಟಿಯೂ ಹೀಗೆಯೇ ಸಿದ್ಧವಾಗುವಂಥದು.

ಚಳಿಗಾಲದ ಈ ದಿನಗಳಲ್ಲಿ ಕರ್ನಾಟಕದ ಪಂಚಾಂಗ ರೋಮಿನದರಿಂದ ಬೇರೆಯಾಗುವ ಒಂದು ಜಾಗವಿದೆ. ಉಡುಪಿ ಜಿಲ್ಲೆಯ ಕಾರ್ಕಳದ ಬಳಿಯ ಅತ್ತೂರಿನಲ್ಲಿರುವ ಸಂತ ಲಾರೆನ್ಸರ ಬಸಿಲಿಕದ ವಾರ್ಷಿಕ ಮಹೋತ್ಸವ ನಡೆಯುವುದು ಜನವರಿ ಕೊನೆಯ ವಾರದಲ್ಲಿ, ಆದರೆ ವಿಶ್ವ ಧರ್ಮಸಭೆ ಅವರನ್ನು ನೆನೆಯುವುದು ಆಗಸ್ಟ್ 10ರಂದು. ರೋಮಿನ ಸೇವಾದರ್ಶಿಯಾಗಿದ್ದ ಲಾರೆನ್ಸರು ಕ್ರಿ.ಶ. 258ರಲ್ಲಿ ರಕ್ತಸಾಕ್ಷಿಯಾದರು, ಕೆಂಡದ ಮೇಲಿನ ಕಬ್ಬಿಣದ ಸರಳುಗಳ ಮಂಚದಲ್ಲಿ ಅವರನ್ನು ಸುಟ್ಟರೆಂಬುದು ಪರಂಪರೆಯ ಕಥನ. ಆಗಸ್ಟ್‌ನಲ್ಲಿ ಪಶ್ಚಿಮಘಟ್ಟದ ಬುಡದ ಕಾರ್ಕಳ ಸೀಮೆ ಮಳೆಯಲ್ಲಿ ಮುಳುಗಿರುತ್ತದೆ, ಗದ್ದೆಗಳಲ್ಲಿ ಬೆಳೆ ನಿಂತಿರುತ್ತದೆ. ಜನವರಿಯಲ್ಲಾದರೆ ಕೊಯ್ಲು ಮುಗಿದು ದಾರಿಗಳು ಒಣಗಿ ರಾತ್ರಿಯ ಹವೆ ತಂಪಾಗಿರುತ್ತದೆ. ಪಾಲಕ ಸಂತರ ಬಾಹ್ಯ ಉತ್ಸವವನ್ನು ಊರಿಗೆ ಅನುಕೂಲವಾದ ದಿನಕ್ಕೆ ಇಟ್ಟುಕೊಳ್ಳಲು ಧರ್ಮಸಭೆ ಅವಕಾಶ ಕೊಡುತ್ತದೆ. ಹಲವು ದಿನ ನಡೆಯುವ ಈ ಉತ್ಸವಕ್ಕೆ ಅತ್ತೂರು ಜಾತ್ರೆಯೆಂದೇ ಹೆಸರು; ಕ್ರೈಸ್ತರೊಡನೆ ಹಿಂದೂಗಳೂ ಮುಸಲ್ಮಾನರೂ ಸರದಿಯಲ್ಲಿ ನಿಂತು ಮೇಣದ ಬತ್ತಿ ಹಚ್ಚಿ ಹರಕೆ ಸಲ್ಲಿಸುತ್ತಾರೆ. 2016ರಲ್ಲಿ ಈ ಚರ್ಚಿಗೆ ಕಿರು ಬಸಿಲಿಕದ ಪದವಿ ದೊರೆಯಿತು. ಹಿಮ, ಕತ್ತಲೆ, ಮತ್ತೆ ಬೆಳಕು ಎಂಬ ಯುರೋಪಿನ ಚಳಿಗಾಲದ ಅನುಭವದಲ್ಲಿ ರೂಪುಗೊಂಡ ಪಂಚಾಂಗ, ಹಗಲು ರಾತ್ರಿಗಳ ಅಂತರ ಅಷ್ಟಾಗಿ ತೋರದ ತುಳುನಾಡಿಗೆ ಬಂದಾಗ ಇಲ್ಲಿನ ಜನ ಅದಕ್ಕೆ ತಮ್ಮ ಚಳಿಗಾಲದ ಅರ್ಥವನ್ನು, ಎಂದರೆ ಬೆಳೆ ಮನೆಗೆ ಬಂದ ಮೇಲಿನ ಜಾತ್ರೆಯ ಅರ್ಥವನ್ನು ಸೇರಿಸಿದರು.

ಡಿಸೆಂಬರ್ 25ನ್ನು ಒಂದೆಂದು ಹಿಡಿದು ಎಣಿಸಿದರೆ ನಲವತ್ತನೆಯ ದಿನ ಫೆಬ್ರುವರಿ 2, ಬಾಲಯೇಸುವನ್ನು ದೇವಾಲಯಕ್ಕೆ ತಂದುದನ್ನು ನೆನೆಯುವ ಹಬ್ಬ. ಗಂಡು ಮಗು ಹೆತ್ತ ತಾಯಿ ನಲವತ್ತನೆಯ ದಿನ ದೇವಾಲಯಕ್ಕೆ ಬಂದು ಶುದ್ಧೀಕರಣದ ಬಲಿ ಅರ್ಪಿಸಬೇಕೆಂದು ಬೈಬಲಿನ ಯಾಜಕಕಾಂಡ ವಿಧಿಸುತ್ತದೆ. ಕುರಿಮರಿ ಕೊಡಲಾರದ ಬಡವರಿಗೆ ಎರಡು ಪಾರಿವಾಳ ಸಾಕಾಗಿದ್ದವು, ಮರಿಯ ಮತ್ತು ಜೋಸೆಫರು ತಂದದ್ದೂ ಬಡವರ ಕಾಣಿಕೆಯನ್ನೇ. ಅಲ್ಲಿ ವೃದ್ಧ ಸಿಮೆಯೋನನು ಮಗುವನ್ನು ಕೈಗೆತ್ತಿಕೊಂಡು ಅನ್ಯಜನಾಂಗಗಳಿಗೆ ಬೆಳಕು ಎಂದು ಕರೆದುದರಿಂದ ಈ ದಿನ ಮೇಣದ ಬತ್ತಿಗಳ ಆಶೀರ್ವಾದವೂ ಮೆರವಣಿಗೆಯೂ ನಡೆಯುತ್ತವೆ. ಎಗೇರಿಯ ಎಂಬ ಯಾತ್ರಿಕಳು ನಾಲ್ಕನೆಯ ಶತಮಾನದ ಕೊನೆಯಲ್ಲಿ ಜೆರುಸಲೇಮಿನಲ್ಲಿ ಈ ಹಬ್ಬವನ್ನು ಕಂಡು ಬರೆದಿಟ್ಟಿದ್ದಾಳೆ. ಆಗ ಅಲ್ಲಿ ಕ್ರಿಸ್ತಜನನವನ್ನು ಜನವರಿ 6ರಂದು ಆಚರಿಸುತ್ತಿದ್ದರಿಂದ ನಲವತ್ತನೆಯ ದಿನ ಫೆಬ್ರುವರಿ 14ಕ್ಕೆ ಬರುತ್ತಿತ್ತು. ಡಿಸೆಂಬರ್ 25 ಎಲ್ಲೆಡೆ ನೆಲೆಗೊಂಡ ಮೇಲೆ ಎಣಿಕೆಯೂ ಜೊತೆಗೆ ಸರಿಯಿತು. ಮರುದಿನ, ಫೆಬ್ರುವರಿ 3ರಂದು, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹುಡುಗನನ್ನು ಬದುಕಿಸಿದರೆಂಬ ಐತಿಹ್ಯವಿರುವ ಸಂತ ಬ್ಲೇಸರ ಸ್ಮರಣೆಗೆ, ಹಿಂದಿನ ದಿನ ಆಶೀರ್ವದಿಸಿದ ಎರಡು ಮೇಣದ ಬತ್ತಿಗಳನ್ನು ಕತ್ತರಿಯಾಕಾರದಲ್ಲಿ ಹಿಡಿದು ಭಕ್ತರ ಕೊರಳಿಗೆ ತಾಗಿಸಿ ಗುರುಗಳು ಪ್ರಾರ್ಥಿಸುತ್ತಾರೆ. ಫ್ರಾನ್ಸಿನ ಲೂರ್ದ್ ಊರಿನಲ್ಲಿ 1858ರಲ್ಲಿ ಮರಿಯಮ್ಮ ಬಡ ಹುಡುಗಿ ಬೆರ್ನದೆತಳಿಗೆ ಕಾಣಿಸಿಕೊಂಡ ನೆನಪಿನ ಫೆಬ್ರುವರಿ 11, 1993ರಿಂದ ಜಾಗತಿಕ ರೋಗಿಗಳ ದಿನವೂ ಆಗಿದೆ.

ಇಲ್ಲಿಂದ ಮುಂದೆ ಚಂದ್ರನ ಲೆಕ್ಕ ಪಂಚಾಂಗವನ್ನು ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಈಸ್ಟರ್‌ಗೆ ನಲವತ್ತಾರು ದಿನ ಮೊದಲು ಬರುವ ಬೂದಿ ಬುಧವಾರದಿಂದ, ಆ ಹಬ್ಬದ ಸಿದ್ಧತೆಯಾದ ತಪಸ್ಸು ಕಾಲ ಆರಂಭವಾಗುತ್ತದೆ. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಆಶೀರ್ವದಿಸಿ ಮನೆಗಳಲ್ಲಿ ಇಟ್ಟುಕೊಂಡಿದ್ದ ಗರಿಗಳನ್ನು ಮರಳಿ ಚರ್ಚಿಗೆ ತಂದು ಸುಟ್ಟು, ಆ ಬೂದಿಯನ್ನು ಹಣೆಗೆ ಹಚ್ಚಲಾಗುತ್ತದೆ. ಈಸ್ಟರ್ ಬೇಗ ಬಂದರೆ ಕ್ರಿಸ್ಮಸ್ ಕಾಲಕ್ಕೂ ತಪಸ್ಸು ಕಾಲಕ್ಕೂ ನಡುವಿನ ಹಸಿರು ದಿನಗಳು ಕಿರಿದಾಗುತ್ತವೆ, ತಡವಾಗಿ ಬಂದರೆ ಹಿರಿದಾಗುತ್ತವೆ. ಮಾರ್ಚ್ 23ರಂದು ಈಸ್ಟರ್ ಬಂದ 2008ರಲ್ಲಿ ಆ ಅವಧಿ ಕೇವಲ 23 ದಿನವಿತ್ತು. ಏಪ್ರಿಲ್ 24ರಂದು ಬಂದ 2011ರಲ್ಲಿ ಅದು 58 ದಿನಗಳಿಗೆ ಹಿಗ್ಗಿತು. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ ಬರುವುದರಿಂದ ಬೂದಿ ಬುಧವಾರ ಫೆಬ್ರುವರಿ 10ರಂದೇ ಬಂದು, ಲೂರ್ದ್ ಮಾತೆಯ ದಿನ ಆ ವರ್ಷ ತಪಸ್ಸು ಕಾಲದ ನೇರಳೆಯೊಳಗೆ ಸೇರಿಹೋಗುತ್ತದೆ.